ಚೈತ್ರ ಪಾಸಾದ ಪುಸ್ತಕಗಳು

ಮೊನ್ನೆ ಮೊಮ್ಮಗನ ಶಾಲೆ ಪುಸ್ತಕಗಳಿಗೆ ಬೈಂಡ್ ಹಾಕಲು ಕೂತಿದ್ದೆ. ಬ್ರೌನ್ ಪೇಪರಿನ ಸುರುಳಿ ಬಿಚ್ಚಿದ್ದೇ ತಡ, ಅದರ ಒಣ ವಾಸನೆ ಮೂಗಿಗೆ ಬಡಿದು ಕೈ ನಿಂತುಹೋಯಿತು. ಉತ್ತರಹಳ್ಳಿಯ ಆ ಮನೆ, ಕೆಳಮನೆಯ ಹಾಲ್, ನೆಲದ ಮೇಲೆ ಕಾಲು ಚಾಚಿ ಕೂತು ಪೇಪರ್ ಮಡಿಸುತ್ತಿದ್ದ ಓನರ್ ಆಂಟಿ...

ಬೀದಿಯೆಲ್ಲ ಅವರನ್ನು ಓನರ್ ಆಂಟಿ ಎಂದೇ ಕರೆಯುತ್ತಿತ್ತು. ನನಗಿಂತ ಸ್ವಲ್ಪವೇ ದೊಡ್ಡವರು, ಆದರೂ ಬಾಡಿಗೆಗಿದ್ದವಳು ಆಂಟಿ ಅನ್ನದೆ ಇನ್ನೇನನ್ನಲಿ. ಗಂಡನ ಮನೆಯವರ ರಾಗಿ ಹೊಲ ಲೇಔಟ್ ಆಗಿ, ತಮಗೆಂದು ಉಳಿಸಿಕೊಂಡ ಸೈಟಿನಲ್ಲಿ ಮನೆ ಎದ್ದಿತ್ತು. ಕೆಳಗೆ ಅವರು, ಮೇಲೆ ನಾನು. ನಾನಾಗ ಶಾಲೆಯಲ್ಲಿ ಗಣಿತ ಪಾಠ ಮಾಡುತ್ತಾ, ಬಿಡುವಿನಲ್ಲಿ ಒಬ್ಬ ಪ್ರಕಾಶಕರಿಗೆ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳನ್ನು ಬರೆದುಕೊಡುತ್ತಿದ್ದೆ. ಮೊದಲನೆಯದು ನಾಲ್ಕನೇ ತರಗತಿಗೆ. ಪ್ರಕಾಶಕರಿಗೆ ಒಂದು ಹಟವಿತ್ತು. ಅಚ್ಚಿಗೆ ಹೋಗುವ ಮೊದಲು ಹಸ್ತಪ್ರತಿಯನ್ನು ಒಬ್ಬ ಮೇಷ್ಟ್ರು, ಒಂದು ಮಗು, ಮತ್ತೆ ಯಾರಾದರೂ ಒಬ್ಬ ಅಪ್ಪನೋ ಅಮ್ಮನೋ ಓದಿ ಅಭಿಪ್ರಾಯ ಹೇಳಲೇಬೇಕು. ಶಾಲೆಯಲ್ಲಿ ಮೇಷ್ಟ್ರುಗಳಿಗೆ ಬರವಿರಲಿಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ. ಅಮ್ಮಂದಿರಿಗೆ ಮಾತ್ರ ಪುರುಸೊತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಮನೆಯಲ್ಲೇ ಇರುತ್ತಿದ್ದ, ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಆಂಟಿಗೇ, ಮಕ್ಕಳಿಲ್ಲದಿದ್ದರೇನಂತೆ, ಕೊಟ್ಟು ನೋಡೋಣ ಎಂದುಕೊಂಡೆ.

ಕೆಲವು ದಿನ ಕಳೆದು ಮೆಟ್ಟಿಲು ಹತ್ತಿ ಬಂದರು. ಭಾಗಾಕಾರದ ಪಾಠದಲ್ಲಿ ಒಂದು ವಾಕ್ಯ ಎಷ್ಟು ಓದಿದರೂ ತಲೆಗೆ ಹತ್ತಲಿಲ್ಲ ಎಂದು ಮುಲಾಜಿಲ್ಲದೆ ಹೇಳಿದರು. ವಾಕ್ಯ ನಿಜವಾಗಿಯೂ ಸಿಕ್ಕುಸಿಕ್ಕಾಗಿತ್ತು, ತಿದ್ದಿಕೊಂಡೆ. ಆಮೇಲೆ ಬಳೆ ಕೊಳ್ಳುವ ಹುಡುಗಿಯೊಬ್ಬಳ ಲೆಕ್ಕದ ಪುಟ ತೆಗೆದರು.

"ಈ ಹುಡುಗಿಗೆ ಚೈತ್ರ ಅಂತ ಹೆಸರಿಡ್ತೀರಾ ಮೇಡಂ? ನಮ್ಮ ಮಗಳು. ಮೂರನೇ ಕ್ಲಾಸ್ ಪಾಸಾಗಿದ್ಲು. ನಾಲ್ಕನೇದ್ರ ಬುಕ್ಸ್‌ಗೆಲ್ಲಾ ಬೈಂಡ್ ಹಾಕಿಟ್ಟಿದ್ದೆ... ಸ್ಕೂಲ್ ಶುರುವಾಗೋ ಮುಂಚೇನೇ ಜ್ವರ ಬಂತು. ಉಳೀಲಿಲ್ಲ."

ಆ ಮನೆಯಲ್ಲಿ ಒಂದು ಮಗು ಇತ್ತೆಂದು ನನಗೆ ಗೊತ್ತಾದದ್ದೇ ಆವತ್ತು. ಹಾಲ್‌ನಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಹೆಸರು ಬದಲಿಸಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಪುಸ್ತಕದಲ್ಲಿ ಚೈತ್ರ ಬಳೆ ಕೊಂಡಳು, ಗೆಳತಿಯರಿಗೆ ಮಾವಿನಹಣ್ಣು ಹಂಚಿದಳು, ಗಡಿಯಾರ ನೋಡಿ ಟೈಮ್ ಹೇಳಿದಳು. ಅಚ್ಚಾಗಿ ಬಂದ ಪ್ರತಿಗೆ ಆಂಟಿ ಬ್ರೌನ್ ಪೇಪರ್ ಹಾಕಿ, ಲೇಬಲ್ ಅಂಟಿಸಿ, ಮಗಳ ಹೆಸರನ್ನೂ ತರಗತಿಯನ್ನೂ ಗುಂಡಗೆ ಬರೆದರು. ಅಲ್ಲೇ ಕೂತಿದ್ದ ಅವರ ಯಜಮಾನರು ನೀರಿನ ಮೋಟರ್ ನೋಡಿ ಬರುತ್ತೇನೆಂದು ಎದ್ದು ಹೊರಗೆ ಹೋದರು.

ಮರುವರ್ಷ ಐದನೆಯದರ ಕೆಲಸ ಶುರುವಾಗಿತ್ತು. ಒಂದು ದಿನ ಗೇಟಿನ ಹತ್ತಿರ ಆಂಟಿ ನನ್ನನ್ನು ನಿಲ್ಲಿಸಿ, "ಚೈತ್ರ ಪಾಸಾದ್ಲಾ ಮೇಡಂ?" ಎಂದು ಕೇಳಿದರು. ದನಿ ತಮಾಷೆಯದೇ. ಮುಖದಲ್ಲಿ ನಗು ಇರಲಿಲ್ಲ. ಪಾಸಾದಳು ಎಂದೆ. ಹೇಳಿದ ಮೇಲೆ ನನಗೇ ಒಂಥರಾ ಹೆದರಿಕೆಯಾಯಿತು.

ಅಲ್ಲಿಂದಾಚೆ ಪ್ರತಿ ಹಸ್ತಪ್ರತಿಯೂ ಮೊದಲು ಕೆಳಮನೆಗೆ ಇಳಿಯುತ್ತಿತ್ತು. ದೂರದ ಲೆಕ್ಕ ಬಂದರೆ, ಮಗುವನ್ನು ಬಿಸಿಲಲ್ಲಿ ಅಷ್ಟು ಕಿಲೋಮೀಟರ್ ಯಾಕೆ ನಡೆಸುತ್ತೀರಿ, ಬಸ್ ಹತ್ತಿಸಿ ಎನ್ನುವರು. ಚೈತ್ರ ಕೇಕಿನ ಎಂಟನೇ ಒಂದು ಭಾಗ ತಿಂದಳು ಎಂದು ಬರೆದರೆ, ಅಷ್ಟರಲ್ಲಿ ಏನಾಗುತ್ತದೆ ಎಂದು ಕಾಲು ಭಾಗ ಮಾಡಿಸಿದರು. ನಾನು ಪಾಪ ಉತ್ತರವನ್ನೆಲ್ಲ ಮತ್ತೆ ಬರೆಯಬೇಕಾಯಿತು. ಆರನೆಯದರಲ್ಲಿ ಬಲೂನು ಕೊಡಿಸಿದ್ದಕ್ಕೆ, ಅವಳೇನು ಇನ್ನೂ ಚಿಕ್ಕವಳೇ ಎಂದು ಬೇಸರಪಟ್ಟುಕೊಂಡರು. ನೀರಿನ ಹತ್ತಿರ ಅವಳು ಬೇಡವೆಂದು, ಕೆರೆ ಅಳೆಯುವ ಲೆಕ್ಕವನ್ನು ಬೇರೊಬ್ಬ ಹುಡುಗನ ತಲೆಗೆ ಕಟ್ಟಿದೆವು. ಬರುಬರುತ್ತಾ ನನಗೂ ಅವಳು ಅಂಟಿಕೊಂಡಳು. ಗೋಡೆಗೆ ಏಣಿ ಒರಗಿಸುವ ಲೆಕ್ಕ ಬರೆಯುತ್ತಾ, ಅವಳೀಗ ಎಷ್ಟುದ್ದ ಬೆಳೆದಿರಬಹುದು ಎಂದು ಯೋಚಿಸಿ ಕೂತುಬಿಡುತ್ತಿದ್ದೆ. ಮಧ್ಯಾಹ್ನಗಳಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿ ಬಾಗಿಲು ತೆಗೆದು ನೋಡಿದ್ದೂ ಉಂಟು... ಯಾರೂ ಇರುತ್ತಿರಲಿಲ್ಲ. ಗಣಿತದ ಮೇಡಂ ಆದವಳು ಇಂಥದ್ದೆಲ್ಲ ಹೇಳಬಾರದು, ಆದರೆ ಕೇಳಿಸುತ್ತಿದ್ದದ್ದು ನಿಜ.

ಎಂಟನೆಯದರಲ್ಲಿ ನಕ್ಷೆ, ಅಂದರೆ ಗ್ರಾಫ್, ಓದುವ ಪಾಠವಿತ್ತು. ಆಸ್ಪತ್ರೆಯಲ್ಲಿರುವ ಒಬ್ಬ ರೋಗಿಯ ಜ್ವರ ದಿನದಿನಕ್ಕೆ ಹೇಗೆ ಏರಿತು ಎಂದು ತೋರಿಸುವ ಗೆರೆ. ಹೆಸರಿರಲಿಲ್ಲ, ಬರೀ ರೋಗಿ. ಗೆರೆ ಏರುತ್ತಾ ಹೋಗಿ ಪುಟದ ಅಂಚಿನಲ್ಲಿ ನೂರಾ ನಾಲ್ಕಕ್ಕೆ ನಿಂತಿತ್ತು. ಅತಿ ಹೆಚ್ಚು ಜ್ವರ ಯಾವ ದಿನ ಎನ್ನುವುದೇ ಮಕ್ಕಳಿಗೆ ಪ್ರಶ್ನೆಯಾದ್ದರಿಂದ, ಅಷ್ಟು ಸಾಕಿತ್ತು.

ಆಂಟಿ ಗೆರೆಯ ಮೇಲೆ ಬೆರಳಿಟ್ಟು ಒಂದೊಂದೇ ದಿನ ದಾಟುತ್ತಾ ಮೇಲಕ್ಕೆ ಹೋದರು. ತುದಿಯಲ್ಲಿ ಬೆರಳು ನಿಂತಿತು.

"ಆಮೇಲೆ?" ಎಂದರು.

ಪಾಠಕ್ಕೆ ಇಷ್ಟೇ ಬೇಕಾದದ್ದು, ಮುಂದಿನದು ಬೇಕಿಲ್ಲ ಎಂದು ವಿವರಿಸಲು ಹೋದೆ. ಅವರು ಬೆರಳನ್ನು ತೆಗೆಯಲೇ ಇಲ್ಲ.

"ಹಿಂಗೆ ಮೇಲೇ ಬಿಟ್ಬಿಟ್ರೆ ಹೆಂಗೆ ಮೇಡಂ? ಮನೇಲಿ ಕಾಯ್ತಿರ್ತಾರೆ. ಇಳಿಸಿ."

ಇಳಿಸಿದೆ. ಇನ್ನಷ್ಟು ದಿನ ಸೇರಿಸಿ ಗೆರೆಯನ್ನು ನಿಧಾನವಾಗಿ ನಾರ್ಮಲ್‌ಗೆ ತಂದೆ. ನಕ್ಷೆ ಪಕ್ಕದ ಪುಟಕ್ಕೂ ಚಾಚಿಕೊಂಡಿತು. ಜಾಗ ದಂಡ ಎಂದು ಪ್ರಕಾಶಕರು ಗೊಣಗಿದರು, ನಾನು ಜಗ್ಗಲಿಲ್ಲ. ಅಚ್ಚಾದ ಆ ಪುಟವನ್ನು ಆಂಟಿ ಬಹಳ ಹೊತ್ತು ನೋಡಿದರು. ಒಂಬತ್ತನೆಯದು ಯಾವಾಗ ಎಂದು ಕೇಳಿದರು. ಪ್ರಕಾಶಕರು ಎಂಟಕ್ಕೇ ನಿಲ್ಲಿಸಿದ್ದಾರೆ ಎಂದು ಹೇಳಬೇಕಾಯಿತು. ಹೌದಾ, ಎಂದರು ಅಷ್ಟೇ...

ಆಮೇಲೆ ನಾನು ಪದ್ಮನಾಭನಗರಕ್ಕೆ ಮನೆ ಬದಲಿಸಿದೆ. ಹಬ್ಬಕ್ಕೊಂದು ಫೋನು, ಅದೂ ಕಡಿಮೆಯಾಯಿತು. ಆಂಟಿ ಹೋದ ಸುದ್ದಿ ನನಗೆ ತಲುಪಿದ್ದು ಹನ್ನೊಂದನೇ ದಿನದ ಕಾರ್ಯವೂ ಮುಗಿದ ಮೇಲೆ.

ಈಗ ಆ ಪುಸ್ತಕಗಳ ಹೊಸ ಆವೃತ್ತಿ ತರುತ್ತಿದ್ದಾರೆ. ಜ್ವರದ ನಕ್ಷೆ ಸುಮ್ಮನೆ ಉದ್ದವಾಗಿದೆ, ಅತಿ ಹೆಚ್ಚು ಜ್ವರದ ದಿನಕ್ಕೇ ಕತ್ತರಿಸಿಬಿಡೋಣ ಎಂದರು ಹೊಸ ಸಂಪಾದಕಿ. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆಂಟಿಯ ವಿಷಯ ಅವರಿಗೆ ಹೇಗೆ ಹೇಳಲಿ... ಮೊದಲು ಮಕ್ಕಳಿಗೆ ಓದಿಸಿ ನೋಡೋಣ ಎಂದುಬಿಟ್ಟೆ. ನಿನ್ನೆ ಇಬ್ಬರೂ ಕರಡು ಪ್ರತಿ ಹಿಡಿದು ವಸಂತಪುರದ ಒಂದು ಶಾಲೆಗೆ ಹೋದೆವು. ಎಂಟನೇ ತರಗತಿಯ ಒಬ್ಬ ಹುಡುಗಿಯ ಮುಂದೆ ಆ ಎರಡು ಪುಟಗಳನ್ನಿಟ್ಟು, ಏನು ಅರ್ಥವಾಯಿತು ಎಂದು ಕೇಳಿದೆ. ಅವಳು ಏರಿದ ಗೆರೆ ನೋಡಿದಳು, ಪುಟ ದಾಟಿ ಇಳಿದ ಗೆರೆಯನ್ನೂ ಕೊನೆಯವರೆಗೆ ನೋಡಿದಳು.

"ಜ್ವರ ಬಿಟ್ಟೋಗಿದೆ ಮಿಸ್. ನಾಳೆಯಿಂದ ಸ್ಕೂಲಿಗೆ ಬರಬಹುದು."

ಸಂಪಾದಕಿ ನಕ್ಕು, ಹಾಗಾದರೆ ಇರಲಿ ಬಿಡಿ ಎಂದರು. ನಾನು ನೀರು ಕುಡಿಯುವ ನೆಪದಲ್ಲಿ ಕ್ಲಾಸಿನಿಂದ ಹೊರಗೆ ಬಂದೆ. ಈ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಒಬ್ಬರೇ ಒಬ್ಬರು, ಅವರು ಇಲ್ಲ.