ದ್ರಾಕ್ಷಿ ತಿಂದ ನೆಲ

ಮೊನ್ನೆ ಅಥಣಿಯಲ್ಲಿ ತಂಗಿಯ ಮಗಳು ಕಟ್ಟಿಸುತ್ತಿರುವ ಮನೆ ನೋಡಲು ಹೋಗಿದ್ದೆ. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಒಳಗೆ ಪಾಲಿಶ್ ಮಷೀನು ಗುರ್ರೆಂದು ತಿರುಗುತ್ತಿತ್ತು, ನೆಲದ ತುಂಬ ಹಾಲಿನಂಥ ಕೆಸರು. ಒದ್ದೆ ಕಲ್ಲುಪುಡಿಯ ವಾಸನೆ ಗೊತ್ತಲ್ಲ, ಶಾಲೆಗೆ ಹೋಗುವಾಗ ಪಾಟಿಗೆ ಉಗುಳು ಹಚ್ಚಿ ಒರೆಸಿದರೆ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ. ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಆ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತು ನೆಲ ಮುಟ್ಟಿ ನೋಡಿದೆ. "ದೊಡ್ಡವ್ವಾ, ಸೀರಿ ಹೊಲಸಾಗತೈತಿ, ಏಳ!" ಎಂದು ಹುಡುಗಿ ಕೂಗುತ್ತಲೇ ಇದ್ದಳು. ನನಗೆ ಎಲ್ಲಿಯ ಸೀರೆ! ನಾನಾಗಲೇ ಮೂವತ್ತು ವರ್ಷ ಹಿಂದಕ್ಕೆ ಹೋಗಿ, ನಮ್ಮ ಪಡಸಾಲೆಯಲ್ಲಿ ಪಾಲಿಶ್ ಕಾಕಾರ ಎದುರು ಕೂತಾಗಿತ್ತು...

ನನ್ನನ್ನು ಕೊಟ್ಟದ್ದು ತೆಲಸಂಗದ ಕಡೆಯ ಒಂದು ಹಳ್ಳಿಗೆ. ತವರು ರಾಯಬಾಗದ ಹತ್ತಿರ. ಅಲ್ಲಿ ನಮ್ಮದು ಸೆಗಣಿ ಸಾರಿಸುವ ನೆಲ. ಗಂಡನ ಮನೆಯಲ್ಲಿ ದ್ರಾಕ್ಷಿ ತೋಟ ಇತ್ತು, ಹಣ್ಣು ಒಣಗಿಸುವ ಶೆಡ್ಡು ಇತ್ತು, ಇವೆಲ್ಲಕ್ಕೂ ಮಿಗಿಲಾಗಿ ಮಾರ್ಬಲ್ ಹಾಸಿದ ಪಡಸಾಲೆ ಇತ್ತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಆ ಸುತ್ತಿನ ಹಳ್ಳಿಗಳಲ್ಲಿ ಮಾರ್ಬಲ್ ನೆಲ ಅದೇ ಮೊದಲು. ಮಾವ ರಾಜಸ್ಥಾನದಿಂದ ತರಿಸಿದ್ದರು. ಕಲ್ಲು ಬಂದ ದಿನ ಲಾರಿಯ ಮುಂದೆ ಕಾಯಿ ಒಡೆದಿದ್ದರಂತೆ. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ನೆಲ. "ಬಗ್ಗಿ ನೋಡ್ರಿ, ನಿಮ್ಮ ಮೀಸಿ ಕಾಣತೈತಿ" ಎನ್ನುವರು. ಬಂದವರು ಬಗ್ಗಿ ನೋಡಲೇಬೇಕು, ಮೀಸೆ ಇರಲಿ ಇಲ್ಲದಿರಲಿ.

ನನಗೆ ಆ ನೆಲ ಕಂಡರೆ ಭಯ. ಜಾರಿ ಬೀಳುವ ಭಯ ಒಂದು, ಮಾವನ ಭಯ ಇನ್ನೊಂದು. ಮದುವೆಯಾಗಿ ವರ್ಷವಾದರೂ ಅವರು ನನ್ನೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅತ್ತೆಗೆ ಹೇಳುವರು, ಅದೂ ನಾನು ಎದುರಿಗೇ ನಿಂತಿರುವಾಗ!

ಆ ವರ್ಷ ಯುಗಾದಿಗೆ ಮಾವ ಅತ್ತೆ ಇಬ್ಬರೂ ಊರವರ ಜೊತೆ ಶ್ರೀಶೈಲಕ್ಕೆ ನಡೆದುಕೊಂಡು ಹೋದರು. ಬಂದ ಕೂಡಲೇ ಆ ಪಡಸಾಲೆಯಲ್ಲೇ ನಾದಿನಿಯ ನಿಶ್ಚಯ ಎಂದು ಗೊತ್ತಾಗಿತ್ತು. ನನ್ನ ಗಂಡ ಮನೂಕ, ಅಂದರೆ ಒಣದ್ರಾಕ್ಷಿ, ತುಂಬುವ ಪೆಟ್ಟಿಗೆ ತರಲೆಂದು ತಾಸಗಾಂವಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ನಾದಿನಿ, ಕೆಲಸಕ್ಕೆ ಬರುವ ಏಳು ಜನ ಹೆಂಗಸರು. ಒಂದು ಮಧ್ಯಾಹ್ನ ನೋಡನೋಡುತ್ತಿದ್ದಂತೆ ಆಕಾಶ ಕಪ್ಪಾಯಿತು. ಆ ಕಾಲದಲ್ಲಿ ಬರಬಾರದ ಮಳೆ, ಜೊತೆಗೆ ಗಾಳಿ. ಶೆಡ್ಡಿಗೆ ಮೇಲೆ ತಗಡು ಇತ್ತೇ ಹೊರತು ನಾಲ್ಕೂ ಕಡೆ ಬಯಲು. ಅರ್ಧ ಒಣಗಿದ ಹಣ್ಣಿಗೆ ನೀರು ಬಿದ್ದರೆ ಎರಡೇ ದಿನದಲ್ಲಿ ಕಪ್ಪಾಗಿ ಬೂಸು ಹಿಡಿಯುತ್ತದೆ, ವರ್ಷದ ದುಡಿಮೆ ತಿಪ್ಪೆಗೆ. ಇದ್ದಬದ್ದ ತಾಡಪತ್ರಿಗಳನ್ನೆಲ್ಲ ಶೆಡ್ಡಿಗೆ ಅಡ್ಡ ಕಟ್ಟಿದೆವು. ಗಾಳಿ ನಿಲ್ಲಗೊಡಲಿಲ್ಲ. ಆಗ ನನ್ನ ಬಾಯಿಂದ ಹೊರಟಿತು ನೋಡಿ ಆ ಮನೆಯಲ್ಲಿ ನಾನು ಕೊಟ್ಟ ಮೊದಲ ಅಪ್ಪಣೆ: "ಒಳಗ ತರ್ರಿ! ಪಡಸಾಲ್ಯಾಗ ಹರವ್ರಿ!"

ಬುಟ್ಟಿ ಬುಟ್ಟಿ ತಂದು ಸುರಿದೆವು. ಹಾಸಲು ಏನೂ ಉಳಿದಿರಲಿಲ್ಲ, ಬೇಕು ಅನ್ನಿಸಲೂ ಇಲ್ಲ. ಕನ್ನಡಿಯಂಥ ನೆಲ, ಇದಕ್ಕಿಂತ ಸ್ವಚ್ಛ ಜಾಗ ಎಲ್ಲಿ ಸಿಗಬೇಕು? ಓಡಾಟದಲ್ಲಿ ಎಷ್ಟೋ ಹಣ್ಣು ಕಾಲಡಿ ಸಿಕ್ಕು ಅಪ್ಪಚ್ಚಿಯಾಯಿತು. ಫ್ಯಾನು ಹಚ್ಚಿ ಎರಡು ದಿನ ಕಾದೆವು. ಮಳೆ ಹೋಯಿತು, ಬಿಸಿಲು ಬಂತು, ಹಣ್ಣನ್ನೆಲ್ಲ ಮತ್ತೆ ಶೆಡ್ಡಿಗೆ ಸಾಗಿಸಿದೆವು. ಒಂದು ಬುಟ್ಟಿಯೂ ಕೆಟ್ಟಿರಲಿಲ್ಲ! ನಾನು ಗೆದ್ದೆ ಎಂದು ಬೀಗುತ್ತ ನೆಲ ಒರೆಸಲು ಕೂತೆ.

ಅಂಟು ಹೋಯಿತು, ಕಲೆ ಹೋಗಲಿಲ್ಲ. ಅರ್ಧ ಪಡಸಾಲೆಯ ತುಂಬ ಮಂಕು ಮಚ್ಚೆಗಳು, ಬೆರಳಾಡಿಸಿದರೆ ಒರಟು. ನನಗೆ ಗೊತ್ತಿದ್ದ ವಿದ್ಯೆ ಒಂದೇ. ತಾಮ್ರದ ಕೊಡ ಹೊಳೆಯಬೇಕಾದರೆ ಹುಣಸೆಹಣ್ಣು, ಹಿತ್ತಾಳೆ ದೀಪ ಹೊಳೆಯಬೇಕಾದರೆ ಹುಣಸೆಹಣ್ಣು. ಹಾಗಾದರೆ ನೆಲಕ್ಕೆ ಬೇರೇನು? ಒಂದು ಬೋಗುಣಿ ಹುಣಸೆಹಣ್ಣು ಕಿವುಚಿ, ತೆಂಗಿನ ನಾರು ಹಿಡಿದು, ನಾನೂ ನಾದಿನಿಯೂ ಸೊಂಟ ಬೀಳುವವರೆಗೆ ತಿಕ್ಕಿದೆವು. ತೊಳೆದು ನೋಡಿದರೆ ಇದ್ದ ಹೊಳಪೂ ಮಾಯ. ಮಚ್ಚೆಗಳೆಲ್ಲ ಕೂಡಿ ಒಂದೇ ಆಗಿದ್ದವು. "ವೈನೀ, ಅಪ್ಪಾ ನಮ್ಮನ್ನ ಉಳಸೂದಿಲ್ಲ" ಎಂದು ನಾದಿನಿ ಅಲ್ಲೇ ಕೂತು ಅತ್ತಳು. ನನಗೆ ಅಳುವಷ್ಟು ತ್ರಾಣವೂ ಇರಲಿಲ್ಲ.

ನಮ್ಮೂರಿಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರಿಗೆ ಜಗತ್ತಿನ ಸುದ್ದಿಯೆಲ್ಲ ಗೊತ್ತು. ಕಾಗವಾಡದ ಕಡೆ ಬಸದಿಯೊಂದರ ಕೆಟ್ಟ ನೆಲವನ್ನು ನಿಪ್ಪಾಣಿಯ ಒಬ್ಬರು ಹೊಸದರಂತೆ ಮಾಡಿದ್ದಾರೆ ಎಂದ. ಬಸ್ಸಿನಿಂದ ಬಸ್ಸಿಗೆ ನಮ್ಮ ಸುದ್ದಿ ನಿಪ್ಪಾಣಿ ಮುಟ್ಟಿತು. ಮೂರನೆಯ ದಿನ ಬೆಳಗಿನ ಗಾಡಿಗೆ ಒಬ್ಬರು ಇಳಿದರು. ಗಿಡ್ಡ ಆಳು, ಗಾಂಧಿ ಟೊಪ್ಪಿಗೆ, ಮೊಳಕಾಲಿನವರೆಗೆ ಮಡಚಿದ ಪೈಜಾಮ, ಹೆಗಲ ಮೇಲೆ ಕಲ್ಲು ತುಂಬಿದ ಗೋಣಿಚೀಲ. ಉಗುರುಗಳೆಲ್ಲ ಅರ್ಧಕ್ಕೆ ಸವೆದಿದ್ದವು. ಪಡಸಾಲೆಯ ಹೊಸ್ತಿಲಲ್ಲಿ ಕೂತು ಬೆರಳಿನ ಹಿಂಬದಿಯಿಂದ ನೆಲ ಸವರಿದರು.

"ಏನ ಬಿದ್ದಿತ್ತು ತಂಗಿ?"

"ದ್ರಾಕ್ಷಿ ಹರವಿದ್ವಿ ಕಾಕಾ."

"ಆಮ್ಯಾಲೆ?"

"ಆಮ್ಯಾಲೆ... ಹುಣಸಿಹಣ್ಣಲೆ ತಿಕ್ಕೇನ್ರಿ."

ಅವರು ಗೋಣಿಚೀಲವನ್ನು ಅಲ್ಲೇ ಬಿಟ್ಟು, ಟೊಪ್ಪಿಗೆ ತೆಗೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಎಂಟು ದಿನದಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗೆ ಅದು. ನನಗೂ ನಗೆ ಬಂದುಬಿಟ್ಟಿತು. ಹುಳಿ ಯಾವುದಾದರೂ ಈ ಕಲ್ಲನ್ನು ತಿನ್ನುತ್ತದೆ, ಕಲೆ ಮೇಲೆ ಕೂತಿದ್ದಲ್ಲ, ಕಲ್ಲೇ ಸವೆದದ್ದು ಎಂದು ತಿಳಿಸಿ ಹೇಳಿದರು. ಸುತ್ತಲಿನ ಕಲ್ಲನ್ನೂ ಅಷ್ಟೇ ಸವೆಸಿ ಸಮ ಮಾಡಿದರೆ ಹೊಳಪು ತಾನಾಗಿ ಬರುತ್ತದಂತೆ. ಐದು ದಿನ ಬೇಕು ಎಂದರು. ಮಾವ ಬರಲು ಐದೇ ದಿನವಿತ್ತು.

ಏನು ಕೆಲಸವದು! ಮೊದಲು ಒರಟು ಕಲ್ಲು, ನೀರು ಚೆಲ್ಲಿ ಗುಂಡಗೆ ತಿಕ್ಕುವುದು. ಕಾಕಾ ಶುರು ಮಾಡಿದ್ದೇ ಅಷ್ಟಿಷ್ಟು ಉಳಿದ ಹೊಳಪೂ ಹೋಗಿ ಅಲ್ಲೆಲ್ಲ ಸುಣ್ಣದ ಗೋಡೆಯಂತಾಯಿತು. ಇದೇನು ಮಾಡಿದಿರಿ ಎಂದು ನಾನು ಕೂಗಿದೆ. ಅವರು ತಲೆ ಎತ್ತಲಿಲ್ಲ. ಆಮೇಲೆ ಅದಕ್ಕಿಂತ ನುಣುಪಾದ ಕಲ್ಲು, ಆಮೇಲೆ ಇನ್ನೂ ನುಣುಪು. ಒಂದು ಕೈ ಸಾಲದೆಂದು ನನಗೂ ಕಲ್ಲು ಕೊಟ್ಟರು, ದ್ರಾಕ್ಷಿ ಹೊತ್ತ ಹೆಂಗಸರೂ ಸೆರಗು ಕಟ್ಟಿ ಕೂತರು. ಪಡಸಾಲೆಯ ತುಂಬ ಗರಗರ ಸದ್ದು, ಬೆಳ್ಳನೆಯ ಕೆಸರು, ಹೆಂಗಸರ ಚೇಷ್ಟೆ. "ಕಾಕಾ, ಇದರಲೆ ನಮ್ಮ ಮಾರೀನೂ ತಿಕ್ಕತೀರೇನು?" ಎಂದು ಒಬ್ಬಳು ಕೇಳಿದರೆ, "ಮೂರ ಕಲ್ಲ ಸವದಾವು, ಬ್ಯಾಡ" ಎನ್ನುವರು. ಎರಡನೆಯ ದಿನ ಸಂಜೆಯ ಮೊದಲು ನೆಲದ ಒಂದು ಕಲ್ಲಿನ ಮೇಲೆ ಬಿಳಿ ಪುಡಿ ಉದುರಿಸಿ, ಒದ್ದೆ ಗೋಣಿತಟ್ಟಿನಿಂದ ಉಜ್ಜಿದರು. "ಇದೂ ಒಂದ ಹುಳೀನ ತಂಗಿ, ಆದ್ರ ಇದಕ್ಕ ಅಳತಿ ಐತಿ" ಎಂದು ನೀರು ಹಾಕಿ ಒರೆಸಿದರು. ಕಿಟಕಿ ಇಡಿಯಾಗಿ ನೆಲದೊಳಗೆ ಇಳಿದಿತ್ತು! ಸರಳು, ಹೊರಗಿನ ಬೇವಿನ ಗಿಡ, ಬಗ್ಗಿದ ನನ್ನ ಮುಖ, ಮೂಗಿನ ನತ್ತು ಎಲ್ಲ ಕಾಣುತ್ತಿದ್ದವು. ನಾನು ಕೂಗಿಕೊಂಡೆ. ಒಲೆಯ ಮೇಲಿನ ಹಾಲು ಉಕ್ಕಲಿ ಬಿಡು ಎಂದು ನಾದಿನಿಯೂ ಓಡಿ ಬಂದಳು. ಆಮೇಲೆ ನನಗೆ ಊಟ ನೀರಡಿಕೆಯ ನೆನಪೇ ಇಲ್ಲ. ಇನ್ನೊಂದು ಕಲ್ಲು, ಇನ್ನೊಂದು ಕಲ್ಲು ಎಂದು ಕೈ ತಾನೇ ಓಡುತ್ತಿತ್ತು.

ನಾಲ್ಕನೆಯ ದಿನ ಗಂಡ ಬಂದರು. ಪೆಟ್ಟಿಗೆಗಳ ನಡುವೆ ನಿಂತು ನೆಲ ನೋಡಿದರು, ನನ್ನನ್ನು ನೋಡಿದರು, ಮುಖ ಒಣಗಿತು. ಕೆಟ್ಟದ್ದರಲ್ಲಿ ಅರ್ಧ ಇನ್ನೂ ಸುಣ್ಣದಂತೆಯೇ ಇತ್ತು. "ಮೇಣ ಹಚ್ಚಿದ್ರ ಹೊಳೀತೈತಂತಲ್ರಿ, ಹಚ್ಚಿಬಿಡ್ರಿ" ಎಂದರು. ಕಾಕಾ ನನ್ನ ಕಡೆ ತಿರುಗಿದರು.

"ಒಂದ ತಾಸಿನ ಕೆಲಸ ತಂಗಿ. ನಿಮ್ಮ ಮಾವಗ ಗೊತ್ತಾಗೂದಿಲ್ಲ. ನಿಶ್ಚಯಾನೂ ಪಾರಾಗತೈತಿ. ತಿಂಗಳೊಪ್ಪತ್ತಿಗೆ ಹಳದಿ ಆಗತೈತಿ. ನೀ ಹೇಳ."

ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ತಿಂಗಳೊಪ್ಪತ್ತು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಆ ನಾಲ್ಕು ದಿನದಲ್ಲಿ ನನಗೆ ನಿಜವಾದ ಹೊಳಪಿನ ರುಚಿ ಹತ್ತಿಬಿಟ್ಟಿತ್ತು. "ಬ್ಯಾಡ್ರಿ ಕಾಕಾ. ಮಾವಗ ನಾನ ಹೇಳ್ತೇನಿ" ಎಂದೆ.

ಮರುದಿನ ಬೆಳಿಗ್ಗೆ ನಾವೆಲ್ಲ ಕೆಸರಿನಲ್ಲಿ ಮುಳುಗಿರುವಾಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಗಡ್ಡ ಬೆಳೆದು, ಬಟ್ಟೆಯೆಲ್ಲ ಧೂಳು, ಕೈಯಲ್ಲಿ ಕೋಲು, ಬರಿಗಾಲ ತುಂಬ ಬೊಕ್ಕೆ. ನೇರವಾಗಿ ಆಗಷ್ಟೇ ಹೊಳೆದ ಕಲ್ಲಿನ ಮೇಲೆ ಕಾಲಿಟ್ಟರು. ಕಾಕಾ ತಲೆ ಎತ್ತಿ ಗದರಿದರು: "ಏ ಅಜ್ಜಾ! ಕಣ್ಣ ಕಾಣೂದಿಲ್ಲೇನು? ಹೊರಗ ಹೋಗಿ ಕಾಲ ತೊಳಕೊಂಡ ಬಾ!"

ಏಳು ಹೆಂಗಸರ ಕೈ ಒಟ್ಟಿಗೇ ನಿಂತವು. ಅದು ಮಾವ. ಊರಲ್ಲಿ ಅವರಿಗೆ ಏಕವಚನ ಹಚ್ಚಿದವರು ಇರಲಿಲ್ಲ. ಮಾವ ತಮ್ಮದೇ ಪಡಸಾಲೆಯನ್ನು ಒಂದು ಗಳಿಗೆ ನೋಡಿದರು, ಕಾಲಡಿಯ ಕಲ್ಲನ್ನು ನೋಡಿದರು. ಆಮೇಲೆ ತಿರುಗಿ, ಹೊರಗೆ ಹೋಗಿ ಕಾಲು ತೊಳೆದರು!

ಬಂದು ನಿಂತಾಗ ನಾನು ಎದ್ದು, ಕೆಸರುಗೈಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಂಡು, ಮಳೆಯಿಂದ ಹುಣಸೆಹಣ್ಣಿನವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅತ್ತೆ ಹಿಂದೆ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು.

"ಮನೂಕ ಉಳದಾವೇನು?" ಎಂದರು ಮಾವ. ಅತ್ತೆಗಲ್ಲ, ಗೋಡೆಗಲ್ಲ, ನನಗೆ.

"ಎಲ್ಲಾ ಉಳದಾವ್ರಿ."

ಅವರು ಹೂಂ ಅಂದರು, ಅಷ್ಟೇ. ಆಮೇಲೆ ಕಾಕಾರ ಕಡೆ ತಿರುಗಿ, "ನನ್ನ ಮನ್ಯಾಗ ನನಗ ಕಾಲ ತೊಳಿ ಅಂದ್ರೆಲ್ಲ?" ಎಂದರು. ಕಾಕಾ ಅಂಜಲಿಲ್ಲ. "ಧೂಳದಾಗ ಮಾಲಕಂದು ಬ್ಯಾರೆ, ಆಳಿಂದು ಬ್ಯಾರೆ ಇರತೈತೇನ್ರಿ? ಗೀರ ಬೀಳತಾವ." ಮಾವ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ. ಮಧ್ಯಾಹ್ನ ಊಟವಾದ ಮೇಲೆ ತಾವೂ ಒಂದು ಕಲ್ಲು ಕೇಳಿ ಕೂತರು. ಗುಂಡಗೆ ತಿಕ್ಕದೆ ಉದ್ದುದ್ದ ತಿಕ್ಕಿದರೆಂದು ಕಾಕಾರಿಂದ ಎರಡು ಸಲ ಬೈಸಿಕೊಂಡರು. ಬೈಸಿಕೊಂಡಷ್ಟೂ ಅವರಿಗೆ ಹುರುಪು. ನಿಶ್ಚಯದ ದಿನ ಬೀಗರ ಹಿರಿಯರು ಬಗ್ಗಿ ಮೀಸೆ ನೋಡಿಕೊಂಡಾಗ ಮಾವ, "ಇದು ನಮ್ಮ ಸೊಸಿ ತಿಕ್ಕಿದ್ದು" ಎಂದರು. ಅರ್ಧ ನೆಲ ಕೆಡಿಸಿದ್ದೂ ಅದೇ ಸೊಸೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಆಮೇಲೆ ಪ್ರತಿ ವರ್ಷ ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಕಾಕಾ ಬರುವರು. ಎರಡು ದಿನ ಇದ್ದು ನೆಲಕ್ಕೆ ಕೈಯಾಡಿಸಿ, ಮಾವನ ಜೊತೆ ಹರಟಿ, ಒಂದು ಗಂಟು ಒಣದ್ರಾಕ್ಷಿ ಕಟ್ಟಿಕೊಂಡು ಹೋಗುವರು. ಏಳೋ ಎಂಟೋ ವರ್ಷ ನಡೆಯಿತು... ಕೊನೆಯ ಸಲ ಬಂದಾಗ ಕೈ ನಡುಗುತ್ತಿತ್ತು. ಬೆರಳಿನ ಹಿಂಬದಿಯಿಂದ ಮತ್ತೆ ಮತ್ತೆ ಸವರುವರು, ತಲೆ ಕೊಡವುವರು. ಕಲ್ಲು ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿ ಏನೂ ತಿಳಿಯದಾಗಿದೆ ಎಂದುಕೊಂಡೆ. "ಆತೇನು ತಂಗಿ?" ಎಂದು ಕೇಳಿದರು. ಕಿಟಕಿಯ ಮೂಲೆಯಲ್ಲಿ ಎರಡು ಗೇಣು ಜಾಗ ಮಂಕಾಗಿಯೇ ಉಳಿದದ್ದು ನನಗೆ ಕಾಣುತ್ತಿತ್ತು. "ಆತ್ರಿ ಕಾಕಾ, ಭಾಳ ಛಲೋ ಆಗೇತಿ" ಎಂದೆ. ಅವರು ಎದ್ದರು. ಎರಡು ಕಲ್ಲುಗಳನ್ನು ಕಿಟಕಿಯ ಕೆಳಗೇ ಬಿಟ್ಟು, "ಭಾರ ಆಗತಾವ, ಇರ್ಲಿ" ಎಂದರು. ಬಸ್ಸು ಹೋದ ಮೇಲೆ ನಾನು ಆ ಮೂಲೆಯಲ್ಲಿ ಕೂತು ಹೊತ್ತು ಇಳಿಯುವವರೆಗೆ ತಿಕ್ಕಿದೆ. ಯಾರಿಗೂ ಹೇಳಲಿಲ್ಲ.

ಮರುವರ್ಷ ಕಂಡಕ್ಟರ್ ತಂದ ಸುದ್ದಿ ಬೇರೆಯೇ ಆಗಿತ್ತು. ಕಾಕಾ ತೀರಿಕೊಂಡು ಮೂರು ತಿಂಗಳಾಗಿತ್ತು. ಗಂಡನನ್ನು ಕರೆದುಕೊಂಡು ನಿಪ್ಪಾಣಿಗೆ ಹೋದೆ. ಸಣ್ಣ ಮನೆ, ಒಳಗೆ ಒಡಕು ಗಚ್ಚಿನ ನೆಲ. ಕಾಕಾರ ಹೆಂಡತಿ ನೀರು ಕೊಟ್ಟು, ನನ್ನ ಮುಖವನ್ನೇ ನೋಡಿದರು.

"ತೆಲಸಂಗದ ಕಡೀ ತಂಗಿ ನೀನ ಏನು? ನಿಮ್ಮಲ್ಲಿಂದ ಬಂದ ದಿನ ನಕ್ಕೋತ ಹೇಳಿದ್ರು. ಕಿಟಕಿ ಮೂಲ್ಯಾಗ ಒಂದಿಷ್ಟ ಉಳೀತು, ಕೈ ನಡೀಲಿಲ್ಲ. ಆಕಿ ಆತು ಅಂದ್ಲು, ನಾ ಸುಮ್ಮನ ಎದ್ದ ಬಂದೆ. ಹಿಂದಿಂದ ಆಕಿ ತಿಕ್ಕಿರತಾಳ, ಅಂದ್ರು." ಅವರು ನನ್ನ ಕೈ ಹಿಡಿದು ಕೇಳಿದರು, "ತಿಕ್ಕಿದ್ಯೇನವ್ವಾ?"

ಹೂಂ ಎಂದು ತಲೆಯಾಡಿಸಿದೆ.

ಈಗ ಮಾವನೂ ಇಲ್ಲ, ಕಾಕಾನೂ ಇಲ್ಲ. ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ನಾನೇ ಕಲ್ಲು ಹಿಡಿದು ಕೂಡುತ್ತೇನೆ. ಮಷೀನು ತರಿಸುತ್ತೇನೆಂದು ಮಗ ಹೇಳುತ್ತಾನೆ, ನಾನು ಒಪ್ಪುವುದಿಲ್ಲ. ಎಲ್ಲ ಮುಗಿಸಿ ಕೊನೆಗೆ ಕಿಟಕಿಯ ಮೂಲೆಗೆ ಬರುತ್ತೇನೆ. ಅಲ್ಲಿ ಬೇವಿನ ಗಿಡ ಎಲೆ ಎಲೆಯಾಗಿ ಕಾಣುವವರೆಗೆ ತಿಕ್ಕುತ್ತೇನೆ. ಆತ್ರಿ ಕಾಕಾ, ಈ ಸಲ ಖರೇನ ಆಗೇತಿ ಎಂದು ಹೇಳಬೇಕೆನಿಸುತ್ತದೆ... ಕೇಳುವವರು ಇಲ್ಲ.