ಆರುನೂರು ಗ್ರಾಂ

ಆಕೆಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಆಕೆಯನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಓದಿ ಮುಗಿಸಿ ‘ಕೊನೆಗೆ ಇಬ್ಬರೂ ರಾಜಿಯಾದಿರಾ?’ ಎಂದು ಯಾರೂ ಕೇಳುವಂತಾಗಬಾರದು. ಆಗಿಲ್ಲ. ಆಗುವ ಲಕ್ಷಣವೂ ಇಲ್ಲ. ಆದರೆ ಆಕೆಯ ಬಗ್ಗೆ ನಾನಲ್ಲದೆ ಇನ್ಯಾರೂ ಬರೆಯುವುದಿಲ್ಲ.

ಆಕೆ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನ ಆಯಾ. ಐವತ್ತೆಂಟೋ ಅರವತ್ತೋ ಇರಬೇಕು. ಕುಳ್ಳು, ಬಿಗಿದು ಕಟ್ಟಿದ ತುರುಬು, ಸವೆದ ರಬ್ಬರು ಚಪ್ಪಲಿ. ಯಾರಾದರೂ ಕೇಳಿದರೆ ಕೊಡಬೇಕಾಗುತ್ತದೆಂದು ಪೆನ್ನನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿರುತ್ತಾಳೆ. ಬೆಳಿಗ್ಗೆ ಆರೂವರೆಗೆ, ಯಾವ ಮಗುವಿನ ಹೊಟ್ಟೆಗೂ ಏನೂ ಬೀಳುವ ಮೊದಲು, ಇಪ್ಪತ್ತು ಹಾಸಿಗೆಯ ಮಕ್ಕಳನ್ನೂ ತಕ್ಕಡಿಗೆ ಹಾಕಿ ತೂಕ ಬರೆಯುವುದು ಆಕೆಯ ಮೊದಲ ಕೆಲಸ. ಆಮೇಲೆ ಇಡೀ ದಿನ ಯಾರು ಎಷ್ಟು ಕುಡಿದರು, ಎಷ್ಟು ಉಚ್ಚೆ ಹೊಯ್ದರು ಎಂದು ಅಳೆಯುವುದು. ಅಳತೆ ಜಾಡಿಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು, ಕಣ್ಣು ಗೆರೆಯ ಮಟ್ಟಕ್ಕೆ ಬರುವವರೆಗೆ ಮೊಣಕಾಲು ಮಡಿಸಿ, ನೊರೆ ಇಳಿಯುವವರೆಗೆ ಕಾಯುತ್ತಾಳೆ. ಮಕ್ಕಳ ತಾಯಂದಿರು ಆಕೆಗಿಟ್ಟ ಹೆಸರು ತಕ್ಕಡಿಯಮ್ಮ. ಆ ಹೆಸರು ಆಕೆಯ ಕಿವಿಗೂ ಬಿದ್ದಿದೆ. “ಇರಲಿ ಬಿಡಿ. ತಕ್ಕಡಿ ಸುಳ್ಳು ಹೇಳಲ್ಲ. ಸುಳ್ಳು ಹೇಳೋರು ತಾಯಂದ್ರು,” ಅನ್ನುತ್ತಾಳೆ, ನಮ್ಮೆದುರಿಗೇ.

ನೊರೆ ಇಳಿಯುವವರೆಗೆ ಕಾಯುವ ಬುದ್ಧಿ ಎಲ್ಲಿಂದ ಬಂತೆಂದು ನನಗೆ ಹೇಳಿದ್ದು ವಾರ್ಡಿನ ಸಿಸ್ಟರ್. ಆಸ್ಪತ್ರೆಗೆ ಬರುವ ಮೊದಲು ಹನ್ನೊಂದು ವರ್ಷ ಆಕೆ ಹಾಲಿನ ಡಿಪೋದಲ್ಲಿ ನಿಂತು ಅಳೆದು ಕೊಡುತ್ತಿದ್ದಳಂತೆ. ನೊರೆಯ ಸಮೇತ ಅಳೆದರೆ ಗಿರಾಕಿಗೆ ಕಮ್ಮಿ, ಕಾದರೆ ಸಾಲು ಬೆಳೆಯುತ್ತದೆ. ಆಕೆ ಕಾಯುತ್ತಿದ್ದಳು. ಸಾಲಿನಲ್ಲಿದ್ದವರು “ಏನಮ್ಮಾ, ಹಾಲಿಗೆ ಜೋಗುಳ ಹಾಡ್ತಿದೀಯಾ?” ಎಂದು ಬೈಯುತ್ತಿದ್ದರು. ಅಷ್ಟು ಮಾಡಿದ ಮೇಲೂ ಮನೆಗೆ ಹೋಗಿ ಬೇರೆ ಪಾತ್ರೆಗೆ ಸುರಿದು, ಕಮ್ಮಿ ಇದೆ, ಕಳ್ಳಿ ಎಂದು ವಾಪಸ್ಸು ಬರುವವರು ಇರುತ್ತಿದ್ದರು. ಡಿಪೋ ಮುಚ್ಚಿತು. ಆಕೆ ಇಲ್ಲಿಗೆ ಬಂದಳು, ಇಪ್ಪತ್ತೆರಡು ವರ್ಷವಾಯಿತು. ಅಳೆಯುವ ವಸ್ತು ಬದಲಾಯಿತು, ಜನ ಬದಲಾಗಲಿಲ್ಲ. ಆಕೆಯ ಮಗಳು ಬಟ್ಟೆ ಹೊಲಿಯುತ್ತಾಳೆ. ಅಳಿಯನ ಮನೆಗೆ ಹೋದರೆ ಮೊಮ್ಮಗುವನ್ನು ಎತ್ತಿಕೊಂಡ ತಕ್ಷಣ “ನೂರು ಗ್ರಾಂ ಇಳಿದಿದೆ” ಅನ್ನುತ್ತಾಳಂತೆ. “ಅತ್ತೆ, ಬರೋದಾದ್ರೆ ಕೈ ಕಟ್ಕೊಂಡು ಬನ್ನಿ,” ಎಂದು ಅಳಿಯ ಹೇಳಿದ್ದಾನೆ. ಅವನ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನನ್ನ ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಜ್ವರ, ವಾಂತಿ, ಕುತ್ತಿಗೆ ಬಗ್ಗಿಸಿದರೆ ಚೀರಾಟ. ಮೆದುಳಿನ ಪೊರೆಗೆ ಸೋಂಕು ತಗುಲಿದೆ ಎಂದು ಸೇರಿಸಿಕೊಂಡರು. ಎರಡನೆಯ ದಿನ ಚಿಕ್ಕ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: “ನೋಡಿಮ್ಮಾ, ಸೋಡಿಯಂ ಅಂದ್ರೆ ರಕ್ತದ ಉಪ್ಪು, ಕಮ್ಮಿ ಆಗಿದೆ. ನೂರಮೂವತ್ತೈದರ ಮೇಲಿರಬೇಕು, ನೂರಿಪ್ಪತ್ತಾರಿದೆ. ಉಪ್ಪು ತಿನ್ನಿಸಿದ್ರೆ ಸರಿಹೋಗೋದಲ್ಲ ಇದು. ಈ ಕಾಯಿಲೇಲಿ ಮೈ ನೀರನ್ನ ಹೊರಗೆ ಬಿಡದೆ ಹಿಡಿದಿಟ್ಕೊಳ್ಳುತ್ತೆ. ಉಪ್ಪು ತೆಳುವಾಗುತ್ತೆ. ನೀರು ಹೆಚ್ಚಾದ್ರೆ ಮೆದುಳು ಊದಿ ಫಿಟ್ಸ್ ಬರಬಹುದು. ಗಂಟೆಗೆ ಇಪ್ಪತ್ತೈದು ಎಂಎಲ್, ಅಷ್ಟೇ.”

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಶಾಲೆಯ ಕಾಲದಿಂದಲೂ ಜಾಣೆ. ಮನಸ್ಸಿಗೆ ಇಳಿದದ್ದು ಒಂದೇ: ಜ್ವರದಲ್ಲಿ ಬೇಯುತ್ತಿರುವ ನನ್ನ ಮಗುವಿಗೆ ನೀರಿಲ್ಲ.

ಗಂಟೆಗೊಮ್ಮೆ ತಕ್ಕಡಿಯಮ್ಮ ಔಷಧದ ಪುಟಾಣಿ ಲೋಟದಲ್ಲಿ ನೀರು ತರುತ್ತಿದ್ದಳು. ಪುಟ್ಟಿ ಅದನ್ನು ಒಂದೇ ಗುಟುಕಿಗೆ ಮುಗಿಸಿ, ಲೋಟದ ಅಂಚನ್ನು ನೆಕ್ಕಿ, “ಇನ್ನೂ” ಅನ್ನುತ್ತಿತ್ತು. ತುಟಿ ಒಡೆದು ಚಕ್ಕೆ ಎದ್ದಿತ್ತು.

“ಇನ್ನೊಂದು ಚೂರು ಕೊಡ್ರೀ, ಮಗು ಹೆಂಗೆ ನೋಡ್ತಿದೆ ನೋಡಿ.”

“ಇಪ್ಪತ್ತೈದು ಅಂದ್ರೆ ಇಪ್ಪತ್ತೈದು. ಮುಖ ನೋಡಿ ಅಳೆಯೋ ಹಾಗಿದ್ರೆ ಜಾಡಿ ಯಾಕೆ ಬೇಕಿತ್ತು?”

“ನಿಮಗೆ ಮಕ್ಕಳಿಲ್ವಾ?”

“ಇದಾರೆ. ನೀರಿಗೂ ಕಣ್ಣೀರಿಗೂ ವ್ಯತ್ಯಾಸ ಗೊತ್ತಿರೋ ಹಾಗೆ ಸಾಕಿದೀನಿ.”

ಮೈ ಉರಿದುಹೋಯಿತು. ಫೋನು ತೆಗೆದು ಓದತೊಡಗಿದೆ. ಜ್ವರ ಬಂದ ಮಗುವಿಗೆ ಧಾರಾಳ ನೀರು ಕೊಡಿ ಎಂದು ಎಲ್ಲ ಕಡೆಯೂ ಇತ್ತು. ನನ್ನ ಮಗುವಿನ ಕಾಯಿಲೆಯ ಹೆಸರು ಹಾಕಿ ಹುಡುಕಬೇಕಿತ್ತು, ಹುಡುಕಲಿಲ್ಲ, ಭಯ. ಅತ್ತೆ ಫೋನಿನಲ್ಲೇ ಕೂಗಾಡಿದರು: “ಜ್ವರದ ಮಗೂಗೆ ನೀರು ಕೊಡಬೇಡ ಅನ್ನೋಳು ಯಾವ ಸೀಮೆ ಆಯಾನೇ ಅವಳು? ನೀನಾದ್ರೂ ಎಂಥ ತಾಯಿ, ಸುಮ್ನೆ ಕೂತು ನೋಡ್ತೀಯಾ?” ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ. ಮರುದಿನ ಪುಟ್ಟಿಯನ್ನು ಉಚ್ಚೆ ಮಾಡಿಸುವ ನೆಪದಲ್ಲಿ ಬಚ್ಚಲುಮನೆಗೆ ಎತ್ತಿಕೊಂಡು ಹೋಗಿ, ಚಿಲಕ ಹಾಕಿ, ಸೆರಗಿನಡಿ ತಂದಿದ್ದ ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ಕುಡಿಸಿದೆ. ಮುಚ್ಚಳಕ್ಕೆ ನೂರು ಎಂಎಲ್ ಹಿಡಿಯುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಸಲ. ಮಗು ಕಣ್ಣು ಮುಚ್ಚಿ ಕುಡಿಯುತ್ತಿದ್ದ ಸದ್ದು ಕೇಳಿ, ಎರಡು ದಿನದಲ್ಲಿ ಮೊದಲ ಬಾರಿ ನನ್ನ ಎದೆ ಹಗುರಾಯಿತು. ನಾನು ತಾಯಿ, ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಆರೂವರೆಗೆ ತಕ್ಕಡಿ ಬಂತು. ತಕ್ಕಡಿಯಮ್ಮ ಪುಟ್ಟಿಯನ್ನು ಕೂರಿಸಿದಳು, ಎತ್ತಿದಳು, ಮತ್ತೆ ಕೂರಿಸಿದಳು. ನನ್ನ ಮುಖ ನೋಡಿದಳು.

“ನಿನ್ನೆ ಹದಿನಾಲ್ಕು ಕೇಜಿ ಇನ್ನೂರು. ಇವತ್ತು ಹದಿನಾಲ್ಕು ಎಂಟುನೂರು.”

“ಒಳ್ಳೇದಲ್ವಾ? ಮಗು ಚೇತರಿಸ್ಕೊಳ್ತಿದೆ.”

“ಒಂದು ದಿನಕ್ಕೆ ಆರುನೂರು ಗ್ರಾಂ ಚೇತರಿಸ್ಕೊಳ್ಳೋದು ಹಂದಿಮರಿ. ಊಟ ಎರಡು ತುತ್ತು. ಉಚ್ಚೆ ಅಂಗೈಯಷ್ಟು. ಹಂಗಾದ್ರೆ ಆರುನೂರು ಗ್ರಾಂ ಎಲ್ಲಿಂದ ಬಂತು, ಗಾಳಿ ಕುಡೀತಾ?” ಹತ್ತಿರ ಬಂದು ದನಿ ತಗ್ಗಿಸಿದಳು. “ನೀರು ಕೊಟ್ರಾ? ಕೊಟ್ಟಿದ್ರೆ ಹೇಳ್ಬಿಡಿ. ನಾನು ಬೈಯಲ್ಲ.”

ದನಿ ತಗ್ಗಿಸಿದ್ದೇ ನನ್ನನ್ನು ಕೆರಳಿಸಿತು. ಕೂಗಿದ್ದರೆ ಬಹುಶಃ ಅತ್ತು ಒಪ್ಪಿಕೊಳ್ಳುತ್ತಿದ್ದೆ. “ಯಾರನ್ನ ಹಂದಿಮರಿ ಅಂದ್ರಿ?” ಎಂದು ಎದ್ದು ನಿಂತೆ. ಆಮೇಲೆ ನನ್ನ ಬಾಯಿಗೆ ಬೇಲಿಯೇ ಇರಲಿಲ್ಲ. ಇಡೀ ವಾರ್ಡು ಏಳುವಂತೆ ಕೂಗಿದೆ: ಈಕೆಗೆ ಕರುಳಿಲ್ಲ, ಮಕ್ಕಳನ್ನು ಬಾಯಾರಿಸಿ ಸಾಯಿಸುತ್ತಾಳೆ, ತಕ್ಕಡಿ ಕೆಟ್ಟಿದ್ದರೂ ತಾಯಂದಿರನ್ನು ಕಳ್ಳಿಯರನ್ನಾಗಿ ಮಾಡುತ್ತಾಳೆ. ಪಕ್ಕದ ಹಾಸಿಗೆಯ ತಾಯಿ, ಅವಳ ಮಗನಿಗೂ ನಮ್ಮದೇ ಕಾಯಿಲೆ, “ಸರಿಯಾಗಿ ಕೇಳಿದ್ರಿ ಅಕ್ಕಾ, ಯಾರಾದ್ರೂ ಕೇಳ್ಬೇಕಿತ್ತು,” ಅಂದಳು. ಸುತ್ತಲಿನವರೂ ಹೂಂಗುಟ್ಟಿದರು. ನಾನು ಕಾಗದ ತೆಗೆದು ದೂರು ಬರೆದೆ, ಒಂದು ಕಾಗುಣಿತವೂ ತಪ್ಪದಂತೆ.

ಸಿಸ್ಟರಿಗೆ ಆ ಬೆಳಿಗ್ಗೆ ಹದಿನೆಂಟು ಕೆಲಸವಿತ್ತು. ಜಗಳ ಮುಗಿದರೆ ಸಾಕಾಗಿತ್ತು. ತಕ್ಕಡಿಯಮ್ಮನನ್ನು ಕೆಳಗಿನ ಮಹಡಿಗೆ, ಮೂಳೆ ಮುರಿದವರ ವಾರ್ಡಿಗೆ ಕಳಿಸಿದರು. ಪುಟ್ಟಿಯ ತೂಕದ ಚೀಟಿಯಲ್ಲಿ ಹದಿನಾಲ್ಕು ಎಂಟುನೂರರ ಮೇಲೆ ಗೆರೆ ಎಳೆದು ‘ತಕ್ಕಡಿ ದೋಷ’ ಎಂದು ಬರೆದು, ಹಿಂದಿನ ದಿನದ ತೂಕವನ್ನೇ ಹಾಕಿದರು. ಹೋಗುವಾಗ ತಕ್ಕಡಿಯಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ನಾನು ಮಧ್ಯಾಹ್ನದೊಳಗೆ ಇನ್ನೂ ಮೂರು ಮುಚ್ಚಳ ಕುಡಿಸಿದೆ.

ಊಟದ ಹೊತ್ತಿಗೆ ಪುಟ್ಟಿ ತಲೆನೋವು ಅಂತು. ಮೂರು ಗಂಟೆಯ ಸುಮಾರಿಗೆ ಕೈಯಲ್ಲಿದ್ದ ಗೊಂಬೆ ಜಾರಿತು. ಕಣ್ಣು ಎರಡೂ ಸೂರಿನ ಒಂದು ಮೂಲೆಗೆ ಹೋಗಿ ಅಲ್ಲೇ ನಿಂತವು. ಬಾಯಿ ಒಂದು ಕಡೆ ಎಳೆಯಿತು, ಮೊದಲು ಬಲಗೈ, ಆಮೇಲೆ ಇಡೀ ಮೈ ಅದುರತೊಡಗಿತು. ಮಂಚದ ಕಬ್ಬಿಣ ಗೋಡೆಗೆ ಬಡಿದು ಟಕಟಕ ಅನ್ನುತ್ತಿತ್ತು. ಚಿಕ್ಕ ಡಾಕ್ಟರು ಓಡಿ ಬಂದರು. ಒಂದು ಇಂಜೆಕ್ಷನ್, ನಿಲ್ಲಲಿಲ್ಲ. ಐದು ನಿಮಿಷ ಬಿಟ್ಟು ಮತ್ತೊಂದು, ನಿಲ್ಲಲಿಲ್ಲ. ಬೇರೆ ಔಷಧ ಹನಿಯಾಗಿ ಹಾಕಿದರು. ತುಟಿ ನೀಲಿಗೆ ತಿರುಗಿತು. ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಉತ್ತರ ಬರಲು ಅರ್ಧ ಗಂಟೆ ಬೇಕಂತೆ. ದೊಡ್ಡ ಡಾಕ್ಟರು ಚೀಟಿ ತಿರುವಿ ನೋಡಿ ಅಂದರು: “ತೂಕ ಹಾಗೇ ಇದೆ, ನೀರಿನ ಲೆಕ್ಕ ಸರಿ ಇದೆ. ಸೋಂಕು ಒಳಗೆ ಇಳಿದಿರಬೇಕು. ಸ್ಕ್ಯಾನಿಗೆ ತಯಾರಿ ಮಾಡಿ.” ಆಮೇಲೆ ನನ್ನ ಕಡೆ ತಿರುಗಿದರು. “ಹೊರಗಿಂದ ಏನಾದ್ರೂ ಕೊಟ್ರಾ?”

ನಾನು “ಇಲ್ಲ” ಅಂದೆ.

ಈ ಒಂದು ಪದ ಬರೆಯುವುದಕ್ಕಾಗಿಯೇ ನಾನು ಇಷ್ಟು ಸುತ್ತಿ ಬಂದದ್ದು. ಮಗು ಕಣ್ಣೆದುರು ಅದುರುತ್ತಿತ್ತು, ನಾನು ಇಲ್ಲ ಅಂದೆ. ಹತ್ತಾರು ಜನರೆದುರು ಬೆಳಿಗ್ಗೆ ಅಷ್ಟೊಂದು ಕೂಗಿದ್ದೆನಲ್ಲ, ಆ ಕೂಗು ನನ್ನ ಗಂಟಲನ್ನು ಹಿಡಿದಿತ್ತು.

ಸ್ಟ್ರೆಚರು ಬಾಗಿಲಿಗೆ ಬಂದಾಗ ಅದರ ಹಿಂದೆ ತಕ್ಕಡಿಯಮ್ಮ ನಿಂತಿದ್ದಳು. ಕೆಳಗಿನ ವಾರ್ಡಿಗೂ ಸುದ್ದಿ ಮುಟ್ಟಿತ್ತು. ನನ್ನನ್ನು ದಾಟಿ ನೇರ ದೊಡ್ಡ ಡಾಕ್ಟರ ಹತ್ತಿರ ಹೋದಳು.

“ಸಾರ್, ಬೆಳಿಗ್ಗೆ ಈ ಮಗು ಹದಿನಾಲ್ಕು ಎಂಟುನೂರು.”

“ತಕ್ಕಡಿ ಸರಿ ಇರಲಿಲ್ಲ,” ಎಂದರು ಸಿಸ್ಟರ್, ದನಿ ಸಣ್ಣಗಾಗಿತ್ತು.

“ತಕ್ಕಡಿ ಕೆಟ್ಟಿದ್ರೆ ಇಪ್ಪತ್ತು ಮಕ್ಕಳೂ ದಪ್ಪ ಆಗ್ಬೇಕಿತ್ತಲ್ಲ ಸಿಸ್ಟರ್. ಇವಳೊಬ್ಳೇ ಯಾಕೆ ಆದ್ಲು?”

ದೊಡ್ಡ ಡಾಕ್ಟರು ಸ್ಟ್ರೆಚರಿಗೆ ಕೈ ಅಡ್ಡ ಹಿಡಿದರು. ನನ್ನನ್ನು ನೋಡಿದರು. ಈ ಸಲ ‘ಕೊಟ್ರಾ’ ಅಂತ ಕೇಳಲಿಲ್ಲ. “ಎಷ್ಟು?” ಅಂದರು.

“ಒಂಬತ್ತು ಮುಚ್ಚಳ. ನಿನ್ನೆ ಆರು, ಇವತ್ತು ಮೂರು. ನೂರು ನೂರು.”

ಸ್ಕ್ಯಾನು ನಿಂತಿತು. ಲ್ಯಾಬಿನ ಉತ್ತರಕ್ಕೂ ಕಾಯದೆ ಗಟ್ಟಿ ಉಪ್ಪುನೀರನ್ನು ನರಕ್ಕೆ ಏರಿಸಿದರು. ಅದು ಅರ್ಧ ಇಳಿಯುವ ಹೊತ್ತಿಗೆ ಮಂಚದ ಟಕಟಕ ನಿಧಾನವಾಯಿತು, ಬಿಟ್ಟು ಬಿಟ್ಟು ಬಂತು, ನಿಂತಿತು. ನಾಲ್ಕಕ್ಕೆ ಎರಡು ನಿಮಿಷ ಇತ್ತು. ಒಟ್ಟು ನಲವತ್ತೆಂಟು ನಿಮಿಷ. ಆಮೇಲೆ ಬಂದ ಲ್ಯಾಬಿನ ಚೀಟಿಯಲ್ಲಿ ನೂರ ಹದಿಮೂರು ಎಂದಿತ್ತು. ಉಪ್ಪನ್ನು ಒಂದೇ ಏಟಿಗೆ ಪೂರ್ತಿ ಏರಿಸಿದರೂ ಮೆದುಳಿಗೆ ಪೆಟ್ಟಂತೆ. ಎರಡು ದಿನ ತೊಟ್ಟು ತೊಟ್ಟಾಗಿ ಮೇಲೆ ತಂದರು. ಪುಟ್ಟಿ ಬದುಕಿತು. ಬಲಗೈ ಮಾತ್ರ ಇಂದಿಗೂ ಸ್ವಲ್ಪ ಹಿಂದೆ. ಬಳಪ ಹಿಡಿದರೆ ಜಾರುತ್ತದೆ. ವ್ಯಾಯಾಮ ಮಾಡಿಸುತ್ತಿದ್ದೇವೆ, ಸರಿಹೋಗಬಹುದು ಅನ್ನುತ್ತಾರೆ. ‘ಬಹುದು’ ಎಂಬ ಮಾತಿನ ಮೇಲೆ ನಾನು ದಿನಾ ಮಲಗಿ ಏಳುತ್ತೇನೆ.

ಮಗು ಕಣ್ಣು ಬಿಟ್ಟ ದಿನ ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆಂದು ಇನ್ನೊಂದು ಕಾಗದ ಬರೆದು ಕೆಳಗಿನ ವಾರ್ಡಿಗೆ ಹೋದೆ. ತಕ್ಕಡಿಯಮ್ಮ ಬೆಡ್‌ಪ್ಯಾನ್ ತೊಳೆಯುತ್ತಿದ್ದಳು. ಕಾಗದವನ್ನು ಮುಟ್ಟಲಿಲ್ಲ.

“ಏನಿದು?”

“ಕ್ಷಮಾಪಣೆ. ನಿಮ್ಮನ್ನ ಮತ್ತೆ ಮೇಲಿನ ವಾರ್ಡಿಗೇ...”

“ಬೈದಿದ್ದು ಬಾಯಲ್ಲಿ, ಕ್ಷಮೆ ಕಾಗದದಲ್ಲಾ? ಚೆನ್ನಾಗಿದೆ ನಿಮ್ಮ ಓದು.”

“ಮತ್ತೇನು ಮಾಡ್ಲಿ ಹೇಳಿ. ಕಾಲು ಹಿಡೀಲಾ?”

“ನನ್ನ ಕಾಲು ನಿಮಗ್ಯಾಕೆ? ನೀವು ಬೈದಿದ್ದು ಇಡೀ ವಾರ್ಡಿಗೆ ಕೇಳ್ಸಿದೆ. ಅವರೆಲ್ಲ ಈಗ ಏನ್ ಮಾಡ್ತಿದಾರೆ, ಯೋಚ್ನೆ ಮಾಡಿದೀರಾ? ನಿಮ್ಮ ಮಗೂಗೆ ಕಾಯಿಲೆ ಜಾಸ್ತಿಯಾಯ್ತು ಅಂತಷ್ಟೇ ಅಂದ್ಕೊಂಡಿದಾರೆ. ಅಲ್ಲಿ ಹೋಗಿ ಹೇಳಿ. ಅದೇ ಗಂಟಲಲ್ಲಿ.”

ಮೇಲೆ ಬಂದೆ. ಸಂಜೆ ಐದು, ನೋಡಲು ಬಂದವರಿಂದ ವಾರ್ಡು ತುಂಬಿತ್ತು. ನಮ್ಮ ಯಜಮಾನರೂ ಪುಟ್ಟಿಯ ಪಕ್ಕ ಕೂತಿದ್ದರು. ನಾನು ಅವರಿಗೂ ಅಲ್ಲಿಯವರೆಗೆ ಪೂರ್ತಿ ಹೇಳಿರಲಿಲ್ಲ. ಎರಡು ಸಾಲು ಮಂಚಗಳ ನಡುವೆ ನಿಂತೆ.

“ಎಲ್ಲರೂ ಸ್ವಲ್ಪ ಕೇಳಿ. ಆವತ್ತು ಆ ಅಮ್ಮನ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು. ನಾನು ಬಚ್ಚಲಲ್ಲಿ ಕದ್ದು ನೀರು ಕೊಟ್ಟೆ. ಒಂಬತ್ತು ಮುಚ್ಚಳ. ಅದರಿಂದಾನೇ ಮಗೂಗೆ ಮುಕ್ಕಾಲು ಗಂಟೆ ಫಿಟ್ಸ್ ಬಂತು. ಡಾಕ್ಟರು ಕೇಳಿದಾಗ್ಲೂ ಸುಳ್ಳು ಹೇಳಿದೆ.”

ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು, ನೋಡುತ್ತಲೇ ಇದ್ದರು. ಪಕ್ಕದ ಹಾಸಿಗೆಯ ತಾಯಿ ಬಿಳಿಚಿಕೊಂಡಳು. ದಿಂಬಿನಡಿ ಕೈ ಹಾಕಿ ಒಂದು ಲೀಟರಿನ ನೀರಿನ ಬಾಟಲಿ ಹೊರಗೆಳೆದಳು. ಕಾಲುಭಾಗ ಖಾಲಿಯಾಗಿತ್ತು.

“ಥೂ ನಿನ್ನ! ನಿನ್ನ ಮಾತು ಕೇಳ್ಕೊಂಡು ನಾನೂ ಕೊಡ್ತಿದ್ನಲ್ಲೇ ಮನೆಹಾಳಿ! ಬೆಳಿಗ್ಗೆಯಿಂದ ಕೊಡ್ತಿದ್ನಲ್ಲೇ!”

ಬಾಟಲಿಯನ್ನು ನನ್ನ ಮೇಲೆ ಎಸೆಯಲು ಕೈ ಎತ್ತಿದಳು. ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ತಕ್ಕಡಿಯಮ್ಮ ಎತ್ತಿದ ಕೈಯಿಂದಲೇ ಅದನ್ನು ಕಿತ್ತುಕೊಂಡಳು.

“ಎಸೀಬೇಡಿ. ಚೆಲ್ಲಿದ್ರೆ ಲೆಕ್ಕ ಹೋಗುತ್ತೆ. ಬಾಯಿವರೆಗೆ ತುಂಬಿತ್ತಾ, ಕುತ್ತಿಗೆವರೆಗಾ?”

“ಕುತ್ತಿಗೆವರೆಗೆ.”

ಆಕೆ ಉಳಿದ ನೀರನ್ನು ಜಾಡಿಗೆ ಸುರಿದು, ಕಿಟಕಿಯ ಕಟ್ಟೆ ಮೇಲಿಟ್ಟು, ಮೊಣಕಾಲು ಮಡಿಸಿದಳು. “ಇನ್ನೂರೈವತ್ತು ಒಳಗೆ ಹೋಗಿದೆ. ಸಿಸ್ಟರ್, ಡಾಕ್ಟರನ್ನ ಕರೀರಿ, ಈ ಮಗೂಗೆ ಈಗ್ಲೇ ರಕ್ತ ತೆಗೀಬೇಕು.” ಸಿಸ್ಟರ್ ಓಡಿದರು. ಆ ತಾಯಿ ನನಗೆ ಹಿಡಿಶಾಪ ಹಾಕುತ್ತಲೇ ಮಗನನ್ನು ತಬ್ಬಿಕೊಂಡಳು. ನಾನು ದಾರಿಯ ನಡುವೆ ನಿಂತೇ ಇದ್ದೆ.

“ಪಕ್ಕಕ್ಕೆ ಸರೀರಿ,” ಅಂದಳು ತಕ್ಕಡಿಯಮ್ಮ, “ತಕ್ಕಡಿ ತರಬೇಕು.”