ಹುಲ್ಲಿನ ಮಷೀನೂ ಗುಲಾಬಿಯೂ

ಮೊನ್ನೆ ಬೀರು ಖಾಲಿ ಮಾಡುವಾಗ ನನ್ನದೊಂದು ಹಳೆಯ ಬಿಳಿ ಅಂಗಿ ಸಿಕ್ಕಿತು. ಎಡತೋಳಿನ ಮೇಲೆ ಅಂಗೈಯಗಲದ ಕಪ್ಪು ಕಲೆ. ನನ್ನ ಹೆಂಡತಿ ಅದನ್ನು ನೆಲ ಒರೆಸುವ ಬಟ್ಟೆಗಳ ಜೊತೆ ಸೇರಿಸಿಟ್ಟಿದ್ದಳು. ನಾನು ಕಸಿದುಕೊಂಡೆ. "ಎಂತ ಉಂಟು ಅದರಲ್ಲಿ?" ಎಂದಳು. ಹೇಳಲು ಹೊರಟರೆ ಒಲೆಯ ಮೇಲಿನ ಸಾರು ಸೀದುಹೋಗುತ್ತದೆ. ನೀವು ಸ್ವಲ್ಪ ಪುರುಸೊತ್ತಿನಲ್ಲಿರುವ ಹಾಗೆ ಕಾಣುತ್ತೀರಿ, ನಿಮಗೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹಿರೇಕೊಡಿಗೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಎಂಜಿನ್ ಪಾಠ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಬಣ್ಣದ ಸೀಮೆಸುಣ್ಣದಲ್ಲಿ ಸಿಲಿಂಡರು, ಪಿಸ್ಟನ್ನು, ವಾಲ್ವು ಎಲ್ಲ ಬರೆದರೆ ಬೋರ್ಡು ಒರೆಸಲು ಮಕ್ಕಳಿಗೆ ಮನಸ್ಸು ಬರುತ್ತಿರಲಿಲ್ಲ. ಹಾಗಂತ ನಿಜವಾದ ಎಂಜಿನ್ನಿನ ಒಳಗನ್ನು ನಾನು ಒಮ್ಮೆಯೂ ನೋಡಿದವನಲ್ಲ. ಸ್ಕೂಟರಿನ ಪ್ಲಗ್ ಬದಲಿಸಲೂ ಅದನ್ನು ಕೊಪ್ಪದ ತನಕ ತಳ್ಳಿಕೊಂಡು ಹೋಗುತ್ತಿದ್ದೆ.

ಆ ಬೇಸಿಗೆಯಲ್ಲಿ ಬಂಗಲೆ ಮಾರಿಕೊಂಡು ಹೊರಟ ಕಾಫಿ ಎಸ್ಟೇಟಿನವರೊಬ್ಬರು ತಮ್ಮ ಅಂಗಳದ ಹುಲ್ಲು ಕತ್ತರಿಸುವ ಪೆಟ್ರೋಲ್ ಮಷೀನನ್ನು ಶಾಲೆಗೆ ಕೊಟ್ಟರು. ಕೆಂಪು ಬಣ್ಣ, ನಾಲ್ಕು ಚಕ್ರ, ಎಳೆದು ಚಾಲೂ ಮಾಡಲು ಒಂದು ಹಗ್ಗ. ಮಳೆಗಾಲವಿಡೀ ಅದು ಆಟದ ಸಾಮಾನಿನ ಕೋಣೆಯಲ್ಲಿ ನಿದ್ದೆ ಮಾಡಿತು. ಹೊರಗೆ ಮೈದಾನದ ಹುಲ್ಲು ಮೊಣಕಾಲಿಗೆ ಬಂತು.

ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಆ ಹುಲ್ಲು ಕೊಯ್ಯುತ್ತಿದ್ದವಳು ರಸ್ತೆಯ ಕೆಳಗಿನ ಮನೆಯ ಗುಲಾಬಿ. ಹುಲ್ಲು ಅವಳ ಎರಡು ದನಗಳಿಗೆ, ಮೈದಾನ ನಮಗೆ. ಆ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟ ನಮ್ಮಲ್ಲೇ ಎಂದು ನಿರ್ಧಾರವಾದಾಗ ಹೆಡ್‌ಮಾಸ್ಟರು ಅವಳನ್ನು ಕರೆಸಿ, "ಈ ಸಲ ನಿನಗೆ ತೊಂದರೆ ಬೇಡ ಗುಲಾಬಿ, ಮಷೀನು ಬಂದಿದೆ" ಎಂದರು. ಉಪಕಾರ ಮಾಡಿದೆನೆಂದೇ ಅವರು ತಿಳಿದಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಅದನ್ನು ರೆಡಿ ಮಾಡೋ ಕೆಲಸ ನಿಮ್ಮದು. ಎಂಜಿನ್ ಪಾಠ ಮಾಡೋರು ನೀವೇ ಅಲ್ವಾ?" ಎಂದರು.

ಉಳಿದದ್ದು ಎಂಟು ದಿನ. ಕೊಪ್ಪದಿಂದ ಪೆಟ್ರೋಲು, ಆಯಿಲು, ಹೊಸ ಪ್ಲಗ್ ತಂದೆ. ಟ್ಯಾಂಕಿನಲ್ಲಿ ಉಳಿದಿದ್ದ ಹಳೇ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು, ಚೆಲ್ಲಿದೆ. ಎಂಜಿನ್ನಿನೊಳಗಿದ್ದ ಹಳೇ ಆಯಿಲಂತೂ ಸೀದ ಜೋನಿ ಬೆಲ್ಲದ ಹಾಗೆ ಕಪ್ಪಗೆ, ನಿಧಾನವಾಗಿ ಇಳಿಯಿತು. ಡಬ್ಬಿಗೆ ಅರ್ಧ, ನನ್ನ ಅಂಗಿಗೆ ಅರ್ಧ. ಗಾಳಿ ಹೋಗುವ ಜಾಲರಿ ತೊಳೆದು ಒಣಗಿಸಿದೆ, ಬ್ಲೇಡು ಬಿಚ್ಚಿ ಮಸೆದೆ. ಕೊನೆಗೆ ದೇವರನ್ನು ನೆನೆದು ಹಗ್ಗ ಎಳೆದೆ.

ಪುಸ್.

ಮತ್ತೆ ಎಳೆದೆ. ಪುಸ್. ಎರಡನೇ ದಿನ ಒಂಬತ್ತನೇ ಕ್ಲಾಸಿನ ಮಕ್ಕಳು ಕಿಟಕಿಯಲ್ಲಿ ನಿಂತು ಎಳೆತಗಳನ್ನು ಒಕ್ಕೊರಲಿನಿಂದ ಎಣಿಸತೊಡಗಿದರು. ಮನೆಯಲ್ಲಿ ಹೆಂಡತಿ ಭುಜಕ್ಕೆ ಮುಲಾಮು ಹಚ್ಚಿದಳು. ಗುಲಾಬಿ ದನ ಹೊಡೆದುಕೊಂಡು ಹೋಗುವಾಗಲೂ ಬರುವಾಗಲೂ ಬೇಲಿಯಾಚೆ ನಿಂತು ನೋಡುತ್ತಿದ್ದಳು.

ಮೂರನೇ ದಿನ ಅವಮಾನ ಮುಚ್ಚಿಕೊಳ್ಳಲು ಅವಳಿಗೇ ಪಾಠ ಶುರುಮಾಡಿದೆ. "ನೋಡು ಗುಲಾಬಿ, ಇದರಲ್ಲಿ ನಾಲ್ಕು ಹಂತ. ಮೊದಲು ಗಾಳಿ, ಪೆಟ್ರೋಲು ಒಳಗೆ ಹೋಗ್ತದೆ. ಆಮೇಲೆ ಪಿಸ್ಟನ್ನು ಅದನ್ನ ಒತ್ತುತ್ತದೆ. ಮೂರನೇದು, ಕಿಡಿ ಹಾರಿ ಉರೀತದೆ. ನಾಲ್ಕನೇದು, ಹೊಗೆ ಹೊರಗೆ ಹೋಗ್ತದೆ."

"ಎಲ್ಲಿಂದ ಹೋಗ್ತದೆ?"

ಪುಸ್ತಕದ ಚಿತ್ರದಲ್ಲಿ ಬಲಗಡೆಯಿಂದ ಹೋಗುತ್ತದೆ. ಮಷೀನಿನ ಬಲಗಡೆ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಗುಲಾಬಿ ಬೇಲಿ ದಾಟಿ ಬಂದು ಒಂದು ಸುತ್ತು ಹಾಕಿ ಕುಕ್ಕರಗಾಲಲ್ಲಿ ಕೂತಳು.

"ಇದಾ? ಇದರ ಬಾಯಿಗೆ ಮಣ್ಣು ಮೆತ್ತಿದೆಯಲ್ಲ ಮಾರಾಯ್ರೆ! ಕಣಜ ಗೂಡು ಕಟ್ಟಿದೆ. ಉಸಿರೇ ಬಿಡ್ಲಿಕ್ಕೆ ಆಗ್ದಿದ್ರೆ ಅದು ಪಾಪ ಎಂತ ಮಾಡೀತು?"

ಕತ್ತಿಯ ತುದಿಯಿಂದ ಕೆರೆದು ಮಣ್ಣು ತೆಗೆದಳು. ಎರಡನೇ ಎಳೆತಕ್ಕೆ ಮಷೀನು ಗುರ್ರೆಂದು ಶಾಲೆಯ ಹೆಂಚು ಅದುರುವ ಹಾಗೆ ಕೂಗಿತು. ಮಕ್ಕಳು ಕುಣಿದರು, ನಾನೂ ಹೆಚ್ಚುಕಮ್ಮಿ ಕುಣಿದೆ. ಆಮೇಲೆ ಗುಲಾಬಿಯ ಮುಖ ನೋಡಿದೆ. ಅವಳು ಕೈಗೆ ಹತ್ತಿದ ಮಣ್ಣು ಕೊಡವಿಕೊಳ್ಳುತ್ತ, "ಹಂಗಾರೆ ಇನ್ನು ನಾನು ಬರೋದು ಬೇಡ" ಎಂದು ದನಗಳ ಹಿಂದೆ ಹೊರಟುಹೋದಳು.

ಆ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರ ಎದುರು ಮಷೀನನ್ನು ಮೈದಾನಕ್ಕಿಳಿಸಿದೆ. ಹತ್ತು ಹೆಜ್ಜೆ ಹೋಗಿ ಹುಲ್ಲು ಸುತ್ತಿಕೊಂಡು ನಿಂತಿತು. ಬಿಡಿಸಿದೆ, ಐದು ಹೆಜ್ಜೆಗೆ ಮತ್ತೆ ನಿಂತಿತು. ಬಂಗಲೆಯ ಬೆರಳುದ್ದದ ಹುಲ್ಲಿಗೆ ಮಾಡಿದ ಮಷೀನು ಅದು. ನಮ್ಮ ಕಾಡುಹುಲ್ಲು ಅದಕ್ಕೆ ಎಲ್ಲಿ ಬಗ್ಗೀತು? ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

"ಸಾರ್, ಮೊದಲು ಕತ್ತಿಯಲ್ಲಿ ಕೊಯ್ದು ಗಿಡ್ಡ ಮಾಡ್ಬೇಕು. ಆಮೇಲೆ ಮಷೀನು."

"ಯಾರು ಕೊಯ್ತಾರೆ ಈಗ?"

"ಬೇಡ ಅಂದೋರು ನೀವು. ನೀವೇ ಹೋಗಿ ಕರೀಬೇಕು."

ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ! ಹೆಡ್‌ಮಾಸ್ಟರು ಬೂಟು ಕೆಸರು ಮಾಡಿಕೊಂಡು ಇಳಿಜಾರು ಇಳಿದರು, ಹಿಂದೆ ನಾನು. ಗುಲಾಬಿ ಮೊದಲು ಕಾಫಿ ಕೊಟ್ಟಳು. ಅವರು ತಡವರಿಸುತ್ತ ಹೇಳಿ ಮುಗಿಸಿದರು. ಆಮೇಲೆ, "ಕೊಯ್ತೀನಿ ಸಾರ್. ಹುಲ್ಲು ಯಾವತ್ತಿಗೂ ನಂದೇ. ಮತ್ತೆ, ಆ ಮಷೀನೂ ನಾನೇ ಹೊಡೀತೀನಿ" ಎಂದಳು.

ಕೊಯ್ಯಲು ಮೂರು ದಿನ ಹಿಡಿಯಿತು. ನಾಲ್ಕನೇ ದಿನ ಸೀರೆ ಎತ್ತಿಕಟ್ಟಿ ಅವಳು ಮಷೀನು ತಳ್ಳಿದಳು. ಗೆರೆ ಎಳೆದ ಹಾಗೆ ನೇರ ಸಾಲು. ಮಧ್ಯೆ ನೀರು ಕುಡಿಯಲು ನಿಂತಾಗ ಕೇಳಿದೆ: "ಅವತ್ತು ನೀನು ಸುಮ್ಮನಿರಬಹುದಿತ್ತಲ್ಲ? ಮಷೀನು ಹಾಳು ಅಂತ ಮೂಲೆಗೆ ಹಾಕ್ತಿದ್ರು."

"ಮೂರು ದಿನ ಹಗ್ಗ ಎಳೆದ ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ಮೇಷ್ಟ್ರೇ!"

ಮುಂದಿನ ವರ್ಷದಿಂದ ಮಳೆ ಬಿಟ್ಟ ಕೂಡಲೇ ಮಷೀನು ಬಿಚ್ಚಿ ತಯಾರು ಮಾಡುವ ಕೆಲಸ ಅವಳದಾಯಿತು. ಆ ದಿನ ಒಂಬತ್ತನೇ ಕ್ಲಾಸನ್ನು ಜಗಲಿಗೆ ಕರೆತರುತ್ತಿದ್ದೆ. ಅವಳು ಪ್ಲಗ್ಗನ್ನು ಒಬ್ಬೊಬ್ಬರ ಅಂಗೈಯಲ್ಲೂ ಇಟ್ಟು ತೋರಿಸುತ್ತಿದ್ದಳು. ನಾನು ಹಿಂದೆ ಕೂತು ಕೇಳಿ, ಮರುದಿನ ಬೋರ್ಡಿನ ಮೇಲಿನ ಚಿತ್ರ ತಿದ್ದುತ್ತಿದ್ದೆ.

ನಾನು ನಿವೃತ್ತನಾಗಿ ಕೊಪ್ಪಕ್ಕೆ ಬಂದು ಕೆಲವು ವರ್ಷಗಳಾದವು. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಗುಲಾಬಿ ಸಿಕ್ಕಳು. ತಲೆ ಪೂರ್ತಿ ಬೆಳ್ಳಗಾಗಿದೆ. ಬಗಲಿನ ಚೀಲದಲ್ಲಿ ನಟ್ಟು ಬಿಚ್ಚುವ ಪಾನಾಗಳು ಖಣಖಣ ಎನ್ನುತ್ತಿದ್ದವು. ಇಲ್ಲೇ ಹತ್ತಿರದ ನಾರ್ವೆ ಎಂಬ ಊರಿನಲ್ಲಿ ಯಾರದೋ ಕಳೆ ಹೊಡೆಯುವ ಮಷೀನು ಕೆಮ್ಮುತ್ತಿದೆಯಂತೆ, ರಿಪೇರಿಗೆ ಹೊರಟಿದ್ದಳು. ಆ ಕೆಮ್ಮಿಗೆ ಕಾರಣ ಏನಿರಬಹುದೆಂದು ವಿವರಿಸತೊಡಗಿದಳು. ಕೇಳುತ್ತ ನಿಂತು ನನ್ನ ಎರಡು ಬಸ್ಸು ತಪ್ಪಿದವು.

"ಇದೆಲ್ಲ ನೀವು ಎಲ್ಲಿ ಕಲಿತಿರಿ?" ಎಂದೆ.

ಅವಳು ನನ್ನನ್ನೇ ನೋಡಿದಳು. "ಎಂತ ಮೇಷ್ಟ್ರೇ, ಇವತ್ತು 'ನೀವು' ಅಂತೀರಿ?"

ನನಗೂ ಆಗಲೇ ಗೊತ್ತಾದದ್ದು. ಬಾಯಿ ತಾನಾಗಿ ಅಂದುಬಿಟ್ಟಿತ್ತು. ಅಷ್ಟರಲ್ಲಿ ನಾರ್ವೆ ಬಸ್ಸು ಬಂತು. ಗುಲಾಬಿಯವರು ನಗುತ್ತ ಹತ್ತಿ ಕೂತರು.